ಎರಡು ಹಳ್ಳಗಳ ನಡುವಿನ ಗುಡ್ಡ

೮ ನವೆಂಬರ್ ೧೯೯೭, ಬೆಳಿಗ್ಗೆ

ನನ್ನ ಅಬ್ಬಾ ಯಲ್ಲಾಪುರದಿಂದ ತಮ್ಮ ಲಾರಿಯಲ್ಲಿ ನನ್ನನ್ನು ವಜ್ರಳ್ಳಿಗೆ ಬಿಟ್ಟರು. ಅಲ್ಲಿಂದ ನಡಿಗೆ. ದಾಟುವಾಗ ಹಳ್ಳದಲ್ಲಿ ನೀರು ಮೊಣಕಾಲಿಗೂ ಇರಲಿಲ್ಲ. ನನ್ನ ಎಂ.ಎಸ್ಸಿ. ಪ್ರಾಜೆಕ್ಟಿಗೆ ಇದೇ ಗುಡ್ಡ. ಎರಡೂ ಬದಿ ನೆಲ ಬಿರಿದು ಕೆಳಗಿಳಿದಿದೆ, ನಡುವಿನ ತುಂಡು ಮೇಲೆ ನಿಂತಿದೆ — ಭೂವಿಜ್ಞಾನದ ಮಾತಿನಲ್ಲಿ ಹಾರ್ಸ್ಟ್. ಬಿರುಕಿನ ಗುಂಟ ಒಂದೊಂದು ಹಳ್ಳ.

ದಾರಿ ತೋರಿಸಲು ಊರಿನ ದೇವಕ್ಕ ಬಂದಿದ್ದಾಳೆ. ಮೊಲೆ ಕುಡಿಯುವ ಕೂಸನ್ನು ಅತ್ತೆಯ ಬಳಿ ಬಿಟ್ಟು. ಮಧ್ಯಾಹ್ನದೊಳಗೆ ಇಳಿಯೋಣ ಎಂದಿದ್ದೇನೆ.

ಸಂಜೆ

ಇನ್ನೊಂದು ಬಂಡೆ, ಇನ್ನೊಂದು ರೀಡಿಂಗ್ ಎಂದು ನಾನೇ ತಡಮಾಡಿದೆ. ಅಕಾಲದ ಮಳೆ. ಇಳಿಯುವಷ್ಟರಲ್ಲಿ ಹಳ್ಳ ಎದೆಮಟ್ಟ, ಕೆಂಪು ನೀರು. ಗುಡ್ಡದ ಆಚೆ ಬದಿಯ ಹಳ್ಳವೂ ಹಾಗೇ. ಕೆಳಗೆ ಎರಡೂ ಕೂಡುತ್ತವೆ. ಮೇಲಿನ ತುದಿ ಕಡಿದಾದ ಬಂಡೆ. ಎಲ್ಲೂ ದಾರಿಯಿಲ್ಲ.

"ಕೂಸು ಬೇರೆ ಎಂತದೂ ಕುಡಿಯೂದಿಲ್ಲ ಅಕ್ಕೋರೆ" ಎಂದಳು ದೇವಕ್ಕ.

೯ ನವೆಂಬರ್

ಮಳೆ ನಿಂತಿಲ್ಲ. ತಂದ ಅವಲಕ್ಕಿ ಮುಗಿಯಿತು. ದೇವಕ್ಕನಿಗೆ ಹಾಲು ಕಟ್ಟಿ ಎದೆ ಕಲ್ಲಾಗಿದೆ, ಜ್ವರ. ಹಿಂಡಿ ನೆಲಕ್ಕೆ ಚೆಲ್ಲುತ್ತಾಳೆ. ನಾನು ಅತ್ತ ತಿರುಗಿ ಕೂರುತ್ತೇನೆ.

ಮಧ್ಯಾಹ್ನ ಸೀರೆ ಎತ್ತಿ ಕಟ್ಟಿ ನೀರಿಗಿಳಿದೇಬಿಟ್ಟಳು. ಓಡಿ ಹಿಡಿದೆ. ಇಬ್ಬರೂ ಬಿದ್ದೆವು.

"ಬಿಡಿ ಅಕ್ಕೋರೆ. ನಿಮಗೆ ಮಕ್ಕಳಿಲ್ಲ."

"ನೀನು ತೇಲಿ ಹೋದ್ರೆ ಆ ಕೂಸಿಗೆ ಯಾರಿದ್ದಾರೆ?"

ಹೊಡೆದಳು. ನಾನು ಬಿಡಲಿಲ್ಲ. ದಡಕ್ಕೆ ಎಳೆದು ತಂದೆ.

೧೧ ನವೆಂಬರ್, ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ದೇವಕ್ಕ ದಿನವಿಡೀ ಜ್ವರದಲ್ಲಿ ಕನವರಿಸಿದಳು... ತಲೆ ನನ್ನ ತೊಡೆಯ ಮೇಲೆ. ಸತ್ತೇಹೋಗುತ್ತಾಳೆ ಅನ್ನಿಸಿತ್ತು.

ಮಳೆ ಬಿಟ್ಟಿದೆ. ನೀರು ಸೊಂಟಕ್ಕಿಳಿದಿದೆ, ಸೆಳೆತ ಇದೆ. ಆಚೆ ದಡಕ್ಕೆ ಊರವರು ಬಂದಿದ್ದಾರೆ. ಹಗ್ಗ ಎಸೆದರು, ಮರಕ್ಕೆ ಬಿಗಿದೆ. ದೇವಕ್ಕನ ಗಂಡ ಚೌಡ ಅದನ್ನು ಹಿಡಿದು ದಾಟಿ ಬಂದ.

"ಕೂಸು?" ಎಂದಳು ದೇವಕ್ಕ.

"ಆರಾಮ ಅದೆ. ಪಾರ್ವತವ್ವನ ಸೊಸೆ ಮೊಲೆ ಕೊಟ್ಟಳು. ಮೊದಮೊದಲು ಒಲ್ಲೆ ಅಂತು, ಮತ್ತೆ ಕುಡೀತು."

ದೇವಕ್ಕ ಕುಸಿದು ಕೂತು ಅತ್ತಳು. ಚೌಡ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ದಾಟಿಸಿದ. ನನ್ನತ್ತ ಒಮ್ಮೆಯೂ ನೋಡಲಿಲ್ಲ ಅವಳು.

ದಾಟಿದವಳು ಅಲ್ಲೇ ನಿಂತಿದ್ದಾಳೆ. ಮನೆಗೆ ನಡೆ ಎಂದು ಹೆಂಗಸರು ಎಳೆಯುತ್ತಿದ್ದಾರೆ. ಒಲ್ಲಳು. ಬಂಡೆಯ ಮೇಲೆ ಕೂತೇಬಿಟ್ಟಳು.

"ಅಕ್ಕೋರು ದಾಟ್ಲಿ" — ಇಲ್ಲಿಗೂ ಕೇಳಿಸಿತು.

ನನ್ನನ್ನು ದಾಟಿಸಲು ಚೌಡ ಮತ್ತೆ ನೀರಿಗಿಳಿದ. ನಡು ಹಳ್ಳಕ್ಕೆ ಬಂದ. ಪುಸ್ತಕ ಮುಚ್ಚುತ್ತೇನೆ, ಇನ್ನು ನಾನು ದಾಟಬೇಕು.