ರೊಮೆಲ್‌ನ ಮ್ಯಾಗ್ನೆಟೊ ಪಾಠ

ಮಾರ್ಚ್ ೧೪, ಗುರುವಾರ. ಪ್ಲಾರಿಡೆಲ್ ವಿಮಾನ ತರಬೇತಿ ಶಾಲೆ.

ರೊಮೆಲ್ ಇವತ್ತೂ ನನ್ನ ಹೊಟ್ಟೆ ಉರಿಸಿದ. ವಿಮಾನದ ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊದ ಪಾಠ ವರ್ಷಗಟ್ಟಲೆ ನನ್ನದಾಗಿತ್ತು. ಈಗ ನನ್ನ ಶಿಷ್ಯನೇ ಅದನ್ನು ಮಾಡುತ್ತಾನೆ. ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.

“ಎರಡು ಮ್ಯಾಗ್ನೆಟೊ ಅಂದ್ರೆ ಇಬ್ರು ಕರಾವೊಕೆ ಹಾಡೋರು ಅನ್ಕೊಳ್ಳಿ,” ಅಂದ. “ಎಂಜಿನ್ ತಿರುಗ್ತಿದ್ರೆ ಸಾಕು, ಬ್ಯಾಟ್ರಿ ಸತ್ರೂ ಹಾಡ್ತಾನೇ ಇರ್ತಾರೆ, ಅಂದ್ರೆ ಕಿಡಿ ಕೊಡ್ತಾನೇ ಇರ್ತಾರೆ. ಹಾರೋ ಮುಂಚೆ ಒಬ್ಬೊಬ್ಬನ ಬಾಯಿ ಮುಚ್ಸಿ ನೋಡ್ತೀವಿ. ಎಂಜಿನ್ ವೇಗ ಸ್ವಲ್ಪ ಇಳೀಬೇಕು.”

“ಇಳೀದೇ ಇದ್ರೆ ಇನ್ನೂ ಒಳ್ಳೇದಲ್ವಾ ಸರ್?” ಎಂದಳು ವಿದ್ಯಾರ್ಥಿನಿ ಮಾಯ್ಲಿನ್.

ಪ್ರತಿ ತಂಡದಲ್ಲೂ ಒಬ್ಬರು ಹೀಗೇ ಎಡವುತ್ತಾರೆ. ರೊಮೆಲ್ ತಡವರಿಸಲಿ ಎಂದು ಕಾದೆ.

“ಇಲ್ಲಮ್ಮ. ಅವನ ಬಾಯಿ ಮುಚ್ಚೇ ಇಲ್ಲ ಅಂತ ಅರ್ಥ. ಬಾಯಿ ಮುಚ್ಸೋ ತಂತಿ ಒಳಗೆ ಕಡಿದಿರುತ್ತೆ. ಕೀ ಆಫ್ ಇದೆ ಅಂತ ನಂಬಿ ಕೈಯಲ್ಲಿ ಪ್ರೊಪೆಲ್ಲರ್ ತಿರುಗಿಸಿದ್ರೆ, ಕಿಡಿ ಹಾರಿ ಎಂಜಿನ್ ಶುರುವಾಗಿ ಕೈ ಹೋಗುತ್ತೆ. ನಾನೂ ಹಿಂಗೇ ಕೈ ಹಾಕೋಕೆ ಹೋಗಿದ್ದೆ. ನೆನಿತಾ ಮ್ಯಾಮ್ ಕಾಲರ್ ಹಿಡಿದು ಎಳೆದ್ರು. ಈ ಬೆರಳೆಲ್ಲ ಅವರದ್ದೇ.”

ಹುಡುಗರು ತಿರುಗಿ ನನಗೆ ಚಪ್ಪಾಳೆ ತಟ್ಟಿದರು. ಇಷ್ಟು ವರ್ಷಕ್ಕೆ ಮೊದಲ ಚಪ್ಪಾಳೆ. ಅದನ್ನೂ ಅವನೇ ಕೊಡಿಸಿದ.

ನಕ್ಕೆ. ಮಧ್ಯಾಹ್ನ ನನ್ನ ಪನ್ಸಿತ್ ನೂಡಲ್ಸ್‌ನಲ್ಲಿ ಅವನಿಗೂ ಪಾಲು ಬಡಿಸಿದೆ. ಪಕ್ಕದಲ್ಲೇ ಕೂತು ನೆಮ್ಮದಿಯಾಗಿ ತಿಂದ. ನನ್ನ ಕೀ ಆಫ್ ಆಗಿದೆ ಎಂದೇ ನಂಬಿದ್ದಾನೆ.