ಸಾವಂತ್ರವ್ವ ತವರಿಗೆ ಹೋಗಲಿಲ್ಲ

ಹೊಳೆದಂಡೆಯ ಓದುಮನೆ, ಹರಿಹರ
30 ಫೆಬ್ರವರಿ 2388

ಮುನ್ನೂರ ಅರವತ್ತು ವರ್ಷ ಹಿಂದಿರುವ ಕಾದಂಬರಿಕಾರ್ತಿ ಯಮುನಾ ಹುದ್ದಾರ ಅವರಿಗೆ,

ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಆ ಕಥೆ ದೊಡ್ಡದು, ಬಿಡಿ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಪುಸ್ತಕಗಳಿಂದ ಕಲಿತವಳು ನಾನು, ಅದೂ ಅರ್ಧಂಬರ್ಧ ಪುಸ್ತಕಗಳಿಂದ. ಹೆಸರು ದುರುಗವ್ವ. ಮೂವತ್ತೊಂದು ವರ್ಷದಿಂದ ಈ ಓದುಮನೆಯಲ್ಲಿ ಊರಿನವರಿಗೆ ಗಟ್ಟಿಯಾಗಿ ಕಾದಂಬರಿ ಓದಿ ಹೇಳುವುದು ನನ್ನ ಕೆಲಸ.

ಅರ್ಧಂಬರ್ಧ ಯಾಕೆಂದರೆ, ಇಲ್ಲಿ ಕೇಳಲು ಕೂರುವವರೆಲ್ಲ ನಾಡಿಬಳೆ ತೊಡಬೇಕು, ಓದುವ ನಾನೂ. ಎದೆ ಜೋರಾಗಿ ಹೊಡೆದುಕೊಂಡರೆ ಬಳೆ ಕೆಂಪಾಗುತ್ತದೆ. ಒಂದೇ ಪುಟಕ್ಕೆ ಮೂವರ ಬಳೆ ಕೆಂಪಾದರೆ ಓದುಮನೆಯ ಮಂಡಳಿಯವರು ಅಕ್ಷರ ಅಳಿಸಿ ಪುಟವನ್ನು ಬಿಳಿ ಮಾಡುತ್ತಾರೆ. ಅದಕ್ಕೆ ಹಾಲುಪುಟ ಅನ್ನುತ್ತೇವೆ. ಹಾಲುಪುಟ ಬಂದಾಗ ನಾನು ಸುಮ್ಮನಾಗುತ್ತೇನೆ, ಜನ ಮಜ್ಜಿಗೆ ಕುಡಿಯುತ್ತಾರೆ, ಆಮೇಲೆ ಮುಂದಿನ ಪುಟ. ಇದನ್ನು ದಯೆ ಅಂತ ನಾನೂ ನಂಬಿದ್ದೆ. ಎಂಥ ಪೆದ್ದಿ!

ನಿಮ್ಮ ಕಾದಂಬರಿಯ ಹದಿನಾಲ್ಕನೇ ಅಧ್ಯಾಯ ಪೂರ್ತಿ ಹಾಲುಪುಟ. ಹದಿಮೂರರ ಕೊನೆಗೆ ಸಾವಂತ್ರವ್ವ ತವರಿಗೆ ಹೋಗುತ್ತೇನೆಂದು ಬಟ್ಟೆಗಂಟು ಕಟ್ಟುತ್ತಾಳೆ. ಹದಿನೈದರಲ್ಲಿ ಗಂಡನ ಮನೆಯಲ್ಲಿ ಅವಳಿಲ್ಲ. ಸರಿ, ತವರು ಸೇರಿದಳು ಅಂದುಕೊಂಡೆವು. ಅಂದುಕೊಂಡು ಸುಮ್ಮನಿದ್ದೆವೇ? ನೂರು ವರ್ಷದಿಂದ ನಮ್ಮೂರ ಪ್ರತಿ ಮದುವೆಯಲ್ಲೂ ಮದುಮಗಳಿಗೆ ಸಾವಂತ್ರಿ ಸೀರೆ ಅಂತ ಹಸಿರು ಸೀರೆ ಉಡಿಸಿ, ಸಾವಂತ್ರವ್ವನ ಬಾಳು ನಿನ್ನದಾಗಲಿ ಎಂದು ಹರಸುತ್ತೇವೆ. ನನ್ನ ತಂಗಿಯ ಮಗಳು ಹಂಪವ್ವನಿಗೆ ಆ ಸೀರೆ ಉಡಿಸಿದ್ದು ಇದೇ ಕೈ.

ಮದುವೆಯಾದ ಮೇಲೆ ಹಂಪವ್ವ ಎರಡು ಸಲ ಮೊಣಕೈ ಕೆಳಗೆ ಸುಟ್ಟ ಗಾಯ ಹೊತ್ತು ಬಂದಳು. ಎಣ್ಣೆ ಸಿಡಿಯಿತು ಅಂದಳು. ನಾವು ಲೋಳೆಸರ ಹಚ್ಚಿ, ಹೋಳಿಗೆ ಕಟ್ಟಿಕೊಟ್ಟು, ವಾಪಸು ಕಳಿಸಿದೆವು. ಬೇರೆ ಏನಾದರೂ ಇರಬಹುದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಲು ಅಂಥದ್ದನ್ನು ಎಲ್ಲಾದರೂ ಓದಿದ್ದರೆ ತಾನೆ?

ಹೋದ ತಿಂಗಳು ಉಗ್ರಾಣದ ತಗಡಿನ ಪೆಟ್ಟಿಗೆಯಲ್ಲಿ ನಿಮ್ಮ ಕೈಬರಹ ಸಿಕ್ಕಿತು. ಹದಿನಾಲ್ಕನೇ ಅಧ್ಯಾಯ ಅದರಲ್ಲಿತ್ತು. ಮೊದಲು ಮೊಣಕೈ ಕೆಳಗಿನ ಸುಟ್ಟ ಗಾಯ. ಎಣ್ಣೆ ಸಿಡಿಯಿತೆಂಬ ಅದೇ ಸುಳ್ಳು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ, ಸೀಮೆಎಣ್ಣೆ, ಕಡ್ಡಿಪೆಟ್ಟಿಗೆ. ಅವಳು ಸಾಯಲು ತೆಗೆದುಕೊಂಡ ಹೊತ್ತನ್ನೂ ನೀವು ಬಿಟ್ಟಿಲ್ಲ. ನನಗೆ ವಾಂತಿಯಾಯಿತು. ಹೆಣ್ಣಾಗಿ ಹೀಗೆ ಬರೆಯಲು ಕೈ ಹೇಗೆ ಬಂತು ಅಂತ ನಿಮ್ಮನ್ನು ವಾಚಾಮಗೋಚರ ಬೈದೆ. ಬೈಯುತ್ತಿದ್ದಾಗಲೇ ಹಂಪವ್ವನ ಕೈ ನೆನಪಾಯಿತು. ಕೆಂಪಾಗಿದ್ದ ಬಳೆ ಕಿತ್ತು ಬಿಸಾಕಿ ಬರಿಗಾಲಲ್ಲೇ ಅವಳ ಗಂಡನ ಮನೆಗೆ ಓಡಿದೆ, ಕರೆದುಕೊಂಡೇ ಬಂದೆ. ಈಗ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ.

ಕೈಬರಹ ಒಪ್ಪಿಸು, ಇಲ್ಲದಿದ್ದರೆ ಕೆಲಸ ಬಿಡು ಎಂದಿದೆ ಮಂಡಳಿ. ಬಿಡುತ್ತೇನೆ. ಜನರಿಗೆ ನೋವಾಗುತ್ತದಂತೆ. ಆಗಲಿ! ಮಂಗಳವಾರ ಹೊಳೆಯ ಮೆಟ್ಟಿಲ ಮೇಲೆ ನಿಂತು ಆ ಅಧ್ಯಾಯ ಓದುತ್ತೇನೆ, ಒಂದಕ್ಷರ ಬಿಡದೆ. ತಡೆಯಲಾಗದವರು ಎದ್ದು ಹೋಗಲಿ, ನನಗೇನೂ ಬೇಜಾರಿಲ್ಲ. ನಾನೂ ವಾಂತಿ ಮಾಡಿಕೊಂಡವಳೇ. ಆದರೆ ಎದ್ದು ಹೋಗುವವರು ಪುಟವನ್ನು ಅಳಿಸದೆ ಅಲ್ಲೇ ಬಿಟ್ಟು ಹೋಗಬೇಕು. ಹಂಪವ್ವ ಮುಂದಿನ ಸಾಲಿನಲ್ಲೇ ಕೂರುತ್ತಾಳಂತೆ, ಗಿಡ್ಡ ತೋಳಿನ ರವಿಕೆ ತೊಟ್ಟು.

ನಿಮ್ಮಲ್ಲಿ ಒಂದೇ ಕೋರಿಕೆ. ಆ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣಗೆ ಬರೆದುಕೊಂಡಿದ್ದೀರಿ: ಓದುವವರಿಗೆ ತುಂಬಾ ಕಷ್ಟ, ತೆಗೆದುಬಿಡಲೇ? ಯಾರೂ ಉತ್ತರ ಕೊಟ್ಟಂತಿಲ್ಲ. ನಾನು ಕೊಡುತ್ತೇನೆ.

ಬೇಡ ತಾಯಿ, ತೆಗೆಯಬೇಡಿ. ನಮ್ಮ ಹುಡುಗಿ ತವರಿಗೆ ಬಂದಿದ್ದಾಳೆ.

ದುರುಗವ್ವ