ಹೋಗದ ಕರೆ

ನೆಹರು ನಗರ, ಬೆಳಗಾವಿ
ಭಾನುವಾರ ಮುಂಜಾನೆ

ಪ್ರೀತಿಯ ಅವ್ವ,

ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಖೋಲಿಯ ಮಾಯಕ್ಕ ಇವತ್ತು ಖಾನಾಪುರಕ್ಕೆ ಬರುತ್ತಾಳೆ, ಅವಳ ಕೈಯಲ್ಲಿ ಕೊಡುತ್ತೇನೆ.

ನಿನ್ನೆ ಕಾಕತಿಯ ಹುಡುಗನ ಮನೆಯವರು ನನ್ನನ್ನು ನೋಡಲು ಬಂದಾಗ ನಾನು ಇರಲಿಲ್ಲ. "ಮಧ್ಯಾಹ್ನದ ಬಸ್ಸಿಗೆ ಬಾರವಾ, ಹಸಿರು ಇಳಕಲ್ ಸೀರಿ ತಗದಿಟ್ಟೀನಿ" ಎಂದು ನೀನು ಹೇಳಿದ್ದೆ. ನಾನು ಊರಿಗೆ ಹೊರಟ ಚೀಲವನ್ನು ಕೆಲಸಕ್ಕೇ ಒಯ್ದಿದ್ದೆ.

ನನ್ನ ಕೆಲಸವೇನೆಂದು ನೀನು ಯಾವತ್ತೂ ಕೇಳಿಲ್ಲ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಒತ್ತಲೆಂದು ಒಂದು ಕೆಂಪು ಗುಂಡಿ ಇರುತ್ತದೆ. ಮೊದಲೆಲ್ಲ ಅದು ತಂತಿ ಫೋನಿಗೆ ಸೇರಿರುತ್ತಿತ್ತು. ನಮ್ಮ ಕಂಪನಿಯವರು ಆ ತಂತಿ ಕಿತ್ತು ಸಿಮ್ ಹಾಕಿದ ಮೋಡೆಮ್ ಡಬ್ಬಿ ಜೋಡಿಸುತ್ತಾರೆ. ಗುಂಡಿ ಒತ್ತಿದರೆ ಕಂಪನಿಯವರ ಮೊಬೈಲಿಗೆ ಕರೆ ಹೋಗುತ್ತದೆ. ಒಳಗಿದ್ದವರಿಗೆ "ಹೆದರಬೇಡಿ, ಸಹಾಯ ಬರುತ್ತಿದೆ" ಎಂದು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಕೇಳಿಸುತ್ತದೆ. ರೆಕಾರ್ಡ್ ಮಾಡಿಟ್ಟ ಆ ದನಿ ನನ್ನದು. ನಾಲ್ಕು ಜನರ ಮುಂದೆ ಬಾಯಿ ಬಿಡದ ನನ್ನದು! "ಮೇಡಮ್ಮಾರ, ನಿಮ್ಮ ದನಿ ಕೇಳಿದ್ರ ಸಿಕ್ಕೊಂಡಾವ್ರು ಅಲ್ಲೇ ನಿದ್ದಿ ಹೊಡೀತಾರ ನೋಡ್ರಿ" ಎಂದು ನಮ್ಮ ಮೆಕ್ಯಾನಿಕ್ ಅಮ್ಜದ ಚಾಷ್ಟಿ ಮಾಡುತ್ತಾರೆ.

ನಿನ್ನೆ ಇಲ್ಲೇ ಒಂದು ಅಪಾರ್ಟ್‌ಮೆಂಟಿನಲ್ಲಿ ಪರೀಕ್ಷೆ ಇತ್ತು. ಕರೆಂಟು ಹೋದರೂ ಮೋಡೆಮ್ ಬ್ಯಾಟರಿಯ ಮೇಲೆ ನಡೆಯಬೇಕು. ನಾನು ಲಿಫ್ಟಿನೊಳಗೆ, ಅಮ್ಜದ ಗಚ್ಚಿಯ ಮೇಲಿನ ಮಷಿನ್ ರೂಮಿನಲ್ಲಿ. ಅವರು ಮೇನ್ ಆಫ್ ಮಾಡಿದರು. ಎರಡು ಮಹಡಿಗಳ ನಡುವೆ ಲಿಫ್ಟು ನಿಂತಿತು. ನನ್ನ ಕರೆ ತಮ್ಮ ಫೋನಿಗೆ ಬಂದ ಕೂಡಲೇ ಅವರು ಮತ್ತೆ ಚಾಲೂ ಮಾಡುವುದೆಂದು ಮಾತಾಗಿತ್ತು.

ಕರೆ ಹೋಗಲಿಲ್ಲ. "ಬಂದಿಲ್ರೀ!" ಎಂದು ಅವರು ಮೇಲಿಂದ ಕೂಗುವರು. ಸಿಮ್ ತೆಗೆದು ಮತ್ತೆ ಹಾಕುವರು, ಆಂಟೆನಾವನ್ನು ಅತ್ತಿತ್ತ ಜರುಗಿಸುವರು. ಒಳಗೆ ಕತ್ತಲೆ, ಸೆಕೆ. ಕೈ ಚಾಚಿದಲ್ಲೆಲ್ಲ ಸ್ಟೀಲಿನ ಗೋಡೆ. ನನ್ನ ಮೊಬೈಲಿಗೂ ನೆಟ್‌ವರ್ಕ್ ಇರಲಿಲ್ಲ. ಬಸ್ಸು ಹೋಯಿತು, ಮುಂದಿನದೂ ಹೋಯಿತು.

ಸಂಜೆ ನೀನು ಸಿಟ್ಟಿನಿಂದ ಫೋನು ಮಾಡಿದೆ. ಅಮ್ಜದ ಅವರ ಡಬ್ಬಿಯಿಂದ ಕರೆ ಹೋಗಲಿಲ್ಲ, ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದೆ ಎಂದು ನಾನು ಹೇಳುವಷ್ಟರಲ್ಲಿ ನೀನು ಶುರು ಮಾಡಿದೆ. "ಆ ಅಮ್ಜದಗ ಕೆಲಸ ಬರ್ತೈತೋ ಇಲ್ಲೋ? ಅವಂದೊಂದು ಡಬ್ಬಿ, ನಿಂದೊಂದು ನೌಕರಿ! ಹೆಂಗೂ ಲಗ್ನ ಆದಮ್ಯಾಲ ಬಿಡಬೇಕಂತ ಹುಡುಗನ ಅವ್ವ ಹೇಳ್ಯಾಳ. ಗುರುವಾರ ಮತ್ತ ಬರ್ತಾರ." ನಾನು ಹೂಂ ಅಂದೆ. ಯಾವಾಗಲೂ ಹಾಗೇ ಅನ್ನುತ್ತೇನೆ.

ಸೀರೆ ಮಡಿಚಿ ಒಳಗಿಡು, ಬಣ್ಣ ಹೋದೀತು.

ನಿನ್ನ ಮಗಳು
ಐಶ್ವರ್ಯಾ

ತಾ.ಕ.: ಅಮ್ಜದ ಅವರನ್ನು ಬೈಯಬೇಡ. ಮೋಡೆಮ್ ಸರಿಯಾಗಿಯೇ ಇತ್ತು. ಕೆಂಪು ಗುಂಡಿಯ ಪಕ್ಕದಲ್ಲಿ ಹಸಿರು ದೀಪ ಉರಿಯುತ್ತಲೇ ಇತ್ತು. "ಸಾಕ್ರಿ, ಚಾಲೂ ಮಾಡ್ಲ್ಯಾ?" ಎಂದು ಅವರು ಎಷ್ಟೋ ಸಲ ಕೇಳಿದರು. "ಬ್ಯಾಡ್ರಿ, ಇನ್ನೊಮ್ಮೆ ನೋಡೂಣು" ಎಂದವಳು ನಾನೇ. ನಾನು ಗುಂಡಿ ಒತ್ತಲಿಲ್ಲ, ಅವ್ವ. ಗುರುವಾರ ಲಿಫ್ಟಿನ ಕೆಲಸ ಇಲ್ಲ, ಅಡಗಲು ಜಾಗವೂ ಇಲ್ಲ. ಹುಡುಗನ ಮನೆಯವರಿಗೆ ಬರಬೇಡಿ ಎಂದು ಹೇಳು.